ನಕ್ಷೆಯ ಅಂಚಿನ ಐದು ಚುಕ್ಕೆಗಳು



ಅಕ್ಟೋಬರ್ ತಿಂಗಳ ಕೊನೆಯ ಶನಿವಾರ ನಮ್ಮ ಗೋಕುಲಂ ಬಡಾವಣೆಯಲ್ಲಿ ಒಂದು ಸಣ್ಣ ಸಮಾರಂಭ ನಡೆಯಿತು. ಅದಕ್ಕೆ ಶಾಮಿಯಾನವಿರಲಿಲ್ಲ, ಮುಖ್ಯ ಅತಿಥಿಗಳಿರಲಿಲ್ಲ, ಹಾರ ತುರಾಯಿಗಳಿರಲಿಲ್ಲ. ಕಾಂಟೂರ್ ರಸ್ತೆಯ ಬಳಿ ವಾಸವಾಗಿರುವ ನಿವೃತ್ತ ಉಪನ್ಯಾಸಕರೊಬ್ಬರ ಮನೆಯ ಮಹಡಿಯ ಮೇಲೆ ಜಮಖಾನ ಹಾಸಿ, ಗೋಡೆಗೆ ಭಾರತದ ದೊಡ್ಡ ನಕ್ಷೆಯೊಂದನ್ನು ತೂಗುಹಾಕಿ, ಬಡಾವಣೆಯ ಐವತ್ತು ಅರವತ್ತು ಜನ ಸೇರಿದ್ದೆವು. ಆ ಸಂಜೆಯ ವಿಷಯ ಲಕ್ಷದ್ವೀಪ. ಅಲ್ಲಿಯ ಹಾಡು, ಕುಣಿತ, ಕಡಲು, ಹಕ್ಕಿ, ತೆಂಗು ಇವುಗಳ ಪರಿಚಯ.

ಮೈಸೂರಿಗೂ ಲಕ್ಷದ್ವೀಪಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಮಾನಸಗಂಗೋತ್ರಿಯ ಪಕ್ಕದಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆಯಷ್ಟೆ. ದಕ್ಷಿಣದ ರಾಜ್ಯಗಳೊಂದಿಗೆ ಲಕ್ಷದ್ವೀಪವೂ ಅದರ ವ್ಯಾಪ್ತಿಗೆ ಸೇರಿದೆ. ಹೀಗೆ ಮುಂದೆ ಮೇಷ್ಟರಾಗಲೆಂದು ನಮ್ಮೂರಿಗೆ ಬಂದಿದ್ದ ಮೂವರು ಹುಡುಗರು ಆ ಉಪನ್ಯಾಸಕರಿಗೆ ಪರಿಚಿತರಾಗಿದ್ದರು. ಒಬ್ಬ ಅಮಿನಿ ದ್ವೀಪದವನು, ಒಬ್ಬ ಕಡಮತ್ ದ್ವೀಪದವನು, ಮತ್ತೊಬ್ಬ ದೂರದ ಮಿನಿಕಾಯ್‌ನವನು. ಅವರನ್ನು ಕರೆಸಿ ಒಂದು ಸಂಜೆ ಕಳೆಯೋಣವೆಂಬ ಆಲೋಚನೆ ಹುಟ್ಟಿದ್ದು ಹೀಗೆ. "ಮೇಷ್ಟ್ರೇ, ನೀವು ಚರಿತ್ರೆಯವರು. ಹದಿನೈದು ನಿಮಿಷ ಇತಿಹಾಸದ ಬಗ್ಗೆ ಮಾತಾಡಿಬಿಡಿ" ಎಂದು ನನಗೆ ಅಪ್ಪಣೆಯಾಯಿತು.

ಒಪ್ಪಿಕೊಂಡ ಮೇಲೆ ತಿಳಿಯಿತು, ಹದಿನೈದು ನಿಮಿಷ ಹಾಗಿರಲಿ, ಎರಡು ನಿಮಿಷ ಮಾತನಾಡುವಷ್ಟೂ ಸರಕು ನನ್ನಲ್ಲಿಲ್ಲ ಎಂದು! ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದವನು ನಾನು. ಕೇಂದ್ರಾಡಳಿತ ಪ್ರದೇಶಗಳು ಯಾವುವು ಎಂಬ ಪ್ರಶ್ನೆಗೆ ನೀವೆಲ್ಲರೂ ಬಾಯಿಪಾಠ ಒಪ್ಪಿಸಿದ್ದೀರಿ, ನಾನು ಕೆಂಪು ಶಾಯಿಯಲ್ಲಿ ಅಂಕ ಹಾಕಿದ್ದೇನೆ. ಲಕ್ಷದ್ವೀಪ, ರಾಜಧಾನಿ ಕವರಟ್ಟಿ. ಅಲ್ಲಿಗೆ ನನ್ನ ಪಾಠವೂ ಮುಗಿಯುತ್ತಿತ್ತು, ನಿಮ್ಮ ಉತ್ತರವೂ ಮುಗಿಯುತ್ತಿತ್ತು.

ಪುಸ್ತಕಗಳನ್ನು ತೆರೆದು ಕುಳಿತೆ. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯನ್ನು ಬೇರೇನೋ ಹುಡುಕಲು ತಿರುವಿ ಹಾಕುತ್ತಿದ್ದಾಗ ಒಂದು ವಾಕ್ಯದ ಮುಂದೆ ನನ್ನ ಬೆರಳು ನಿಂತಿತು. ಹೊಸ ಮೈಸೂರು ರಾಜ್ಯಕ್ಕೆ ಯಾವ ಯಾವ ಪ್ರದೇಶಗಳು ಸೇರತಕ್ಕದ್ದು ಎಂಬ ಪಟ್ಟಿ ಅದು. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯು ಮೈಸೂರಿಗೆ ಸೇರುತ್ತದೆ, ಆದರೆ ಎರಡು ಭಾಗಗಳನ್ನು ಬಿಟ್ಟು. ಒಂದು ಕಾಸರಗೋಡು ತಾಲ್ಲೂಕು. ಇದು ನಮಗೆಲ್ಲ ಗೊತ್ತು, ಈಗಲೂ ನೋವಿನಿಂದ ನೆನೆಯುತ್ತೇವೆ. ಮತ್ತೊಂದು, ಅಮಿನ್‌ದಿವಿ ದ್ವೀಪಗಳು.

ಓದಿ ಸ್ತಬ್ಧನಾದೆ. ಬಿಟ್ಟು ಎಂದು ಬರೆಯಬೇಕಾದರೆ ಅದಕ್ಕೆ ಮೊದಲು ಸೇರಿತ್ತು ಎಂದಲ್ಲವೇ ಅರ್ಥ? ಅಂದರೆ ಅರಬ್ಬೀ ಸಮುದ್ರದ ನಡುವಿನ ಆ ದ್ವೀಪಗಳು ಒಂದು ಕಾಲಕ್ಕೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು! ಮರುಕ್ಷಣವೇ, ಸುಮಾರು ಮೂವತ್ತು ವರ್ಷ ಹಿಂದಿನ ಒಂದು ತರಗತಿ ಕಣ್ಣ ಮುಂದೆ ಬಂದಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಚರಿತ್ರೆ.

ಲಕ್ಷದ್ವೀಪದಲ್ಲಿ ಒಟ್ಟು 36 ದ್ವೀಪಗಳೆಂದು ಲೆಕ್ಕ, ಜನವಸತಿ ಇರುವುದು ಹತ್ತರಲ್ಲಿ ಮಾತ್ರ. ಎಲ್ಲವನ್ನೂ ಸೇರಿಸಿದರೂ ನೆಲ ಸುಮಾರು 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 64 ಸಾವಿರದ ಆಸುಪಾಸು. ಉತ್ತರದಲ್ಲಿರುವ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರಾ ಎಂಬ ಐದು ಜನವಸತಿ ದ್ವೀಪಗಳ ಗುಂಪಿಗೆ ಅಮಿನ್‌ದಿವಿ ಎಂದು ಹೆಸರು. ಇವುಗಳಲ್ಲಿ ಬಿತ್ರಾ ಎಷ್ಟು ಚಿಕ್ಕದೆಂದರೆ ಸುಮಾರು 25 ಎಕರೆ, ನಮ್ಮ ಕಡೆಯ ಒಬ್ಬ ದೊಡ್ಡ ಜಮೀನ್ದಾರರ ತೋಟದಷ್ಟು. 2011ರಲ್ಲಿ ಅಲ್ಲಿದ್ದವರು 271 ಮಂದಿ. ಮಂಗಳೂರಿನಿಂದ ಅಮಿನಿಗೆ ನೇರ ಗೆರೆ ಎಳೆದರೆ ಸುಮಾರು 300 ಕಿಲೋಮೀಟರ್, ಹೆಚ್ಚು ಕಡಿಮೆ ಮೈಸೂರಿನಿಂದ ಬಳ್ಳಾರಿಗೆ ಇರುವಷ್ಟು ದೂರ.

ಈ ದ್ವೀಪಗಳು ಬಹುಕಾಲ ಕಣ್ಣೂರಿನ ಅರಕ್ಕಲ್ ಮನೆತನದ ಅಧೀನದಲ್ಲಿದ್ದವು. ದ್ವೀಪದಲ್ಲಿ ಬೆಳೆಯುವುದು ತೆಂಗು, ಕಡಲಿನಲ್ಲಿ ಸಿಗುವುದು ಮೀನು. ಅಕ್ಕಿ ಬೆಳೆಯುವುದಿಲ್ಲ. ತೆಂಗಿನ ಸಿಪ್ಪೆಯನ್ನು ದಡದ ಉಪ್ಪುನೀರಿನ ಮರಳಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟು, ಕೊಳೆಸಿ, ಬಡಿದು, ನಾರು ತೆಗೆದು, ಕೈಯಲ್ಲಿ ಹೊಸೆದು ಹುರಿ ಮಾಡುವುದು ಅಲ್ಲಿಯ ಹೆಂಗಸರ ಕೆಲಸ. ಆ ಹುರಿಯನ್ನು ಓಡಂ ಎಂಬ ಹಾಯಿದೋಣಿಗಳಲ್ಲಿ ತುಂಬಿ ಕರಾವಳಿಗೆ ಕೊಂಡೊಯ್ದು ಅಕ್ಕಿ ತರುವುದು ಗಂಡಸರ ಕೆಲಸ. ಬದುಕು ನಿಂತಿದ್ದದ್ದು ಅಕ್ಷರಶಃ ಒಂದು ಹಗ್ಗದ ಮೇಲೆ. ಆ ಹಗ್ಗದ ವ್ಯಾಪಾರ ದೊರೆಯ ಏಕಸ್ವಾಮ್ಯ. ದೊರೆಯಲ್ಲದೆ ಬೇರೆಯವರಿಗೆ ಮಾರುವಂತಿಲ್ಲ, ದೊರೆ ಹೇಳಿದ್ದೇ ಬೆಲೆ.

ಈ ಏಕಸ್ವಾಮ್ಯದ ಬಿಗಿ ಸಹಿಸಲಾಗದೆ, 1780ರ ದಶಕದಲ್ಲಿ ಅಮಿನಿಯ ಕೆಲವರು ಕಡಲು ದಾಟಿ ಮಂಗಳೂರಿಗೆ ಬಂದು, ತಮ್ಮ ದ್ವೀಪಗಳನ್ನು ವಹಿಸಿಕೊಳ್ಳಬೇಕೆಂದು ಟಿಪ್ಪು ಸುಲ್ತಾನನಲ್ಲಿ ಬೇಡಿಕೊಂಡರು. ಆಗ ಮಂಗಳೂರು ಮೈಸೂರಿನ ಬಂದರು. ಮಾತುಕತೆಯ ಬಳಿಕ ಅಮಿನಿ ಗುಂಪಿನ ದ್ವೀಪಗಳು ಮೈಸೂರಿನ ಆಡಳಿತಕ್ಕೆ ಬಂದವು. ಇಲ್ಲಿ ಒಂದು ಕ್ಷಣ ನಿಲ್ಲಿ. ಮೈಸೂರಿನ ರಾಜಧಾನಿ ಆಗ ಶ್ರೀರಂಗಪಟ್ಟಣ. ಶ್ರೀರಂಗಪಟ್ಟಣವೂ ಕಾವೇರಿಯ ನಡುವಿನ ಒಂದು ದ್ವೀಪ. ನಮ್ಮ ಗೋಕುಲಂನಿಂದ ಅರ್ಧ ಗಂಟೆಯ ದಾರಿ. ಸಿಹಿನೀರಿನ ಒಂದು ದ್ವೀಪದಿಂದ ಉಪ್ಪುನೀರಿನ ಐದು ದ್ವೀಪಗಳ ಆಡಳಿತ ನಡೆದ ಕಾಲವೊಂದಿತ್ತು ಎಂಬುದನ್ನು ನಾನು ಈ ಅರವತ್ತು ದಾಟಿದ ವಯಸ್ಸಿನಲ್ಲಿ ಕಲಿತೆ.

ಆ ಆಳ್ವಿಕೆ ಬಹಳ ಕಾಲ ಉಳಿಯಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಕೋಟೆಯ ಜೊತೆಗೆ ಆ ಐದು ದ್ವೀಪಗಳೂ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದವು. ಕಾವೇರಿಯ ದಡದ ಯುದ್ಧ ತಮ್ಮ ಹಣೆಬರಹವನ್ನೂ ಬದಲಿಸಿತೆಂಬ ಸುದ್ದಿ ಆ ದ್ವೀಪದವರಿಗೆ ಯಾವ ದೋಣಿಯಲ್ಲಿ, ಎಷ್ಟು ದಿನದ ಮೇಲೆ ತಲುಪಿತೋ! ಕಂಪನಿಯವರು ಅವುಗಳ ಆಡಳಿತವನ್ನು ಮಂಗಳೂರಿನಿಂದಲೇ ನಡೆಸಿದರು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತದಲ್ಲಿಯೇ ಉಳಿಯಿತು, ಅದರೊಂದಿಗೆ ಅಮಿನ್‌ದಿವಿಯೂ ಉಳಿಯಿತು. ಅಮಿನಿಯಲ್ಲಿ ಮೊನೆಗಾರನೆಂಬ ಅಧಿಕಾರಿ ಇರುತ್ತಿದ್ದ. ಅವನ ಮೇಲಿನ ಅಧಿಕಾರ ಮಂಗಳೂರಿನ ಕಲೆಕ್ಟರರದು. ಉಳಿದ ದ್ವೀಪಗಳು ಅರಕ್ಕಲ್ ಮನೆತನದಲ್ಲಿಯೇ ಮುಂದುವರಿದು, ಸಾಲ, ಚಂಡಮಾರುತ, ತಕರಾರುಗಳ ನಡುವೆ ಕ್ರಮೇಣ ಬ್ರಿಟಿಷರ ವಶವಾಗಿ ಮಲಬಾರ್ ಜಿಲ್ಲೆಗೆ ಸೇರಿದವು.

ಆದರೆ ದ್ವೀಪದ ಹೆಂಗಸರ ಅಂಗೈಯ ಬೊಕ್ಕೆಗಳು ಮಾಯವಾದವೇ? ಇಲ್ಲ. ಹಗ್ಗದ ಏಕಸ್ವಾಮ್ಯವನ್ನು ಕಂಪನಿಯೂ ಬಿಡಲಿಲ್ಲ, ಅನಂತರದ ಬ್ರಿಟಿಷ್ ಸರ್ಕಾರವೂ ಮುಂದುವರಿಸಿತು. ಓಡಂಗಳು ಮಂಗಳೂರಿಗೆ ಬಂದು ಹುರಿಯನ್ನು ಸರ್ಕಾರಕ್ಕೆ ಒಪ್ಪಿಸಿ ಅಕ್ಕಿಯನ್ನು ಪಡೆದು ಹೋಗಬೇಕಿತ್ತು. ದೊರೆ ಬದಲಾದರೂ ಹಗ್ಗ ಬದಲಾಗಲಿಲ್ಲ. ಚರಿತ್ರೆಯಲ್ಲಿ ನಾವು ರಾಜರ ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಅಕ್ಕಿಯ ಬೆಲೆ ಎಷ್ಟಿತ್ತು, ಹಗ್ಗದ ಬೆಲೆ ಎಷ್ಟಿತ್ತು ಎಂದು ಕೇಳುವುದಿಲ್ಲ. ಕೇಳಿದ್ದರೆ ಅಮಿನಿಯವರು ಕಡಲು ದಾಟಿ ಬಂದದ್ದು ಏಕೆಂಬುದು ನಮಗೆ ಎಂದೋ ತಿಳಿಯುತ್ತಿತ್ತು.

1956ರ ನವೆಂಬರ್ 1. ನಮಗೆ ಅದು ಏಕೀಕರಣದ ದಿನ. ಅದೇ ದಿನ ಅಮಿನ್‌ದಿವಿ ದಕ್ಷಿಣ ಕನ್ನಡದಿಂದ ಬೇರೆಯಾಯಿತು. ಲಕ್ಕದೀವ್ ಮತ್ತು ಮಿನಿಕಾಯ್ ಮಲಬಾರಿನಿಂದ ಬೇರೆಯಾದವು. ಮೂರೂ ಸೇರಿ ಒಂದು ಕೇಂದ್ರಾಡಳಿತ ಪ್ರದೇಶವಾಯಿತು. ಮೊದಲು ಅದರ ಕಚೇರಿ ಕೋಳಿಕ್ಕೋಡಿನಲ್ಲಿತ್ತು, 1964ರಲ್ಲಿ ಕವರಟ್ಟಿಗೆ ಹೋಯಿತು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ, ಅದೂ ನವೆಂಬರ್ 1ರಂದೇ. ನಮ್ಮ ರಾಜ್ಯ ಮೈಸೂರು ಎಂಬ ಹೆಸರನ್ನು ಬಿಟ್ಟು ಕರ್ನಾಟಕವಾದದ್ದೂ ಅದೇ ದಿನ. ಎರಡಕ್ಕೂ ಮರುಹುಟ್ಟು ಒಂದೇ ದಿನ, ನಾಮಕರಣವೂ ಒಂದೇ ದಿನ. ಒಂದೇ ಮನೆಯಲ್ಲಿದ್ದು ಬೇರೆಯಾದ ಅಣ್ಣತಮ್ಮಂದಿರು ಒಂದೇ ದಿನ ಹುಟ್ಟುಹಬ್ಬ ಆಚರಿಸುತ್ತಾರೆ, ಆದರೆ ಒಬ್ಬರಿಗೊಬ್ಬರು ಶುಭಾಶಯ ಹೇಳುವುದಿಲ್ಲ!

ನನ್ನ ಮಾತನ್ನು ತಪ್ಪಾಗಿ ತಿಳಿಯಬೇಡಿ. ಆ ದ್ವೀಪಗಳು ನಮಗೆ ಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಅಲ್ಲಿಯವರ ಮಾತು ಮಲಯಾಳಂನ ಒಂದು ರೂಪವಾದ ಜೆಸರಿ. ದಕ್ಷಿಣದ ತುದಿಯ ಮಿನಿಕಾಯ್‌ನಲ್ಲಿ ಮಾಲ್ದೀವಿಗೆ ಹತ್ತಿರದ ಮಹಲ್ ಭಾಷೆ, ಬಲದಿಂದ ಎಡಕ್ಕೆ ಬರೆಯುವ ಅದರದೇ ಲಿಪಿ. ಅವರು ತಮ್ಮದೇ ಮನೆ ಕಟ್ಟಿಕೊಂಡದ್ದು ಸಹಜ. ಆದರೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಒಂದೇ ಜಿಲ್ಲೆಯಲ್ಲಿದ್ದವರನ್ನು ಒಂದೇ ತಲೆಮಾರಿನಲ್ಲಿ ಪೂರ್ತಿಯಾಗಿ ಮರೆತುಬಿಡುವುದು ಸಹಜವೇ?

ಇನ್ನು ಆ ಸಂಜೆಯ ವಿಷಯಕ್ಕೆ ಬರುತ್ತೇನೆ. ಮೊದಲು ಅಮಿನಿಯ ಹುಡುಗ ತನ್ನ ನೆಲದ ಪರಿಚಯ ಮಾಡಿಕೊಟ್ಟ. ಹರಕು ಮುರುಕು ಕನ್ನಡ, ನಡುನಡುವೆ ಇಂಗ್ಲಿಷು. "ನಮ್ಮದು ಕಲ್ಲಿನ ನೆಲ ಅಲ್ಲ, ಜೀವ ಕಟ್ಟಿದ ನೆಲ" ಎಂದ. ಎಷ್ಟು ಸರಿಯಾದ ಮಾತು! ಲಕ್ಷಾಂತರ ವರ್ಷ ಹವಳದ ಹುಳುಗಳು ಸುಣ್ಣದ ಗೂಡು ಕಟ್ಟಿ ಕಟ್ಟಿ ಎಬ್ಬಿಸಿದ ದಿಬ್ಬಗಳು ಅವು. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರ. ನದಿಯಿಲ್ಲ, ಕೆರೆಯಿಲ್ಲ. ಮಳೆಯ ಸಿಹಿನೀರು ಮರಳಿನೊಳಗೆ ಇಳಿದು, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಬಾವಿ ತೋಡಿದರೆ ಸಿಗುವುದು ಆ ಪದರ. ಕಡಲಿನ ಉಬ್ಬರ ಇಳಿತಕ್ಕೆ ತಕ್ಕಂತೆ ಬಾವಿಯ ನೀರೂ ಏರಿ ಇಳಿಯುತ್ತದೆ. ಆಸೆಬಿದ್ದು ಹೆಚ್ಚು ಸೇದಿದರೆ ಉಪ್ಪು ಮೇಲೆ ಬರುತ್ತದೆ. 2005ರಲ್ಲಿ ಕವರಟ್ಟಿಯಲ್ಲಿ ಸಮುದ್ರದ ನೀರನ್ನೇ ಕುಡಿಯುವ ನೀರಾಗಿಸುವ ಸ್ಥಾವರ ಬಂದಿತು, ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ್ದು. ಕಾವೇರಿ ನೀರು ಒಂದು ದಿನ ಬಾರದಿದ್ದರೆ ಗದ್ದಲವೆಬ್ಬಿಸುವ ನಮ್ಮ ಬಡಾವಣೆಯವರು ಮೌನವಾಗಿ ಕೇಳಿದರು.

ಕವರಟ್ಟಿಯ ಸಮೀಪ ಪಿಟ್ಟಿ ಎಂಬ ಬರಿಯ ಮರಳಿನ ದಿಬ್ಬವಿದೆ. ಮನುಷ್ಯರಿಲ್ಲ, ಮರಗಳಿಲ್ಲ. ಅಲ್ಲಿ ಕಡಲ ರೀವ ಹಕ್ಕಿಗಳು ಸಾವಿರಗಟ್ಟಲೆ ಬಂದು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಅದನ್ನು ಕೇಳಿದ ಒಬ್ಬ ಪುಟ್ಟ ಹುಡುಗಿ ಎದ್ದು, "ನಮ್ಮ ರಂಗನತಿಟ್ಟಿನ ಹಾಗೆ!" ಎಂದಳು. ಎಲ್ಲರೂ ನಕ್ಕರು. ಆದರೆ ಮಗುವಿನ ಮಾತು ಸರಿಯಾಗಿಯೇ ಇತ್ತು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟೂ ನೀರಿನ ನಡುವಿನ ದಿಬ್ಬಗಳೇ ಅಲ್ಲವೇ? ಅಲ್ಲಿಯೂ ರೀವ ಹಕ್ಕಿಗಳು ಬಂಡೆಯ ಮೇಲೆ ಮೊಟ್ಟೆಯಿಡುತ್ತವೆ. ಕಟ್ಟೆಯಿಂದ ನೀರು ಬಿಟ್ಟರೆ ಗೂಡು ಮುಳುಗುವ ಭಯ ಇಲ್ಲಿಯ ಹಕ್ಕಿಗೆ, ಕಡಲೇ ಏರಿದರೆ ನೆಲ ಮುಳುಗುವ ಭಯ ಅಲ್ಲಿಯ ಹಕ್ಕಿಗೆ.

ಆ ಭಯ ಬರಿಯ ಮಾತಲ್ಲ. ಬಂಗಾರಂ ದ್ವೀಪದ ಬಳಿ ಪರಳಿ ಎಂಬ ಹೆಸರಿನ ಪುಟ್ಟ ನಿರ್ಜನ ದ್ವೀಪಗಳಿದ್ದವು. ಅವುಗಳಲ್ಲಿ ಒಂದು ಕಡಲ ಕೊರೆತಕ್ಕೆ ಪೂರ್ತಿ ಕರಗಿಹೋಗಿದೆಯೆಂದು 2017ರಲ್ಲಿ ಪ್ರಕಟವಾಯಿತು. 1998, 2010, 2016, ಮತ್ತೆ 2024ರಲ್ಲಿ ಕಡಲು ಅತಿಯಾಗಿ ಬಿಸಿಯೇರಿ ಹವಳಗಳು ಬಿಳಿಚಿದವು. ಅಲೆಗಳನ್ನು ತಡೆಯುವ ಗೋಡೆ ಹವಳದ್ದೇ. ಅದು ಸತ್ತರೆ ದ್ವೀಪಕ್ಕೆ ಬೇಲಿಯಿಲ್ಲ. ಇದನ್ನು ಹೇಳುವಾಗ ಕಡಮತ್‌ನ ಹುಡುಗನ ಧ್ವನಿ ತಗ್ಗಿತು. "ನಮ್ಮ ಮಕ್ಕಳು ಅಲ್ಲಿ ಇರ್ತಾರೋ ಇಲ್ಲವೋ" ಎಂದು ಅರ್ಧಕ್ಕೇ ನಿಲ್ಲಿಸಿದ. ಇಪ್ಪತ್ತು ವರ್ಷದ ಹುಡುಗನ ಬಾಯಲ್ಲಿ ಬರಬೇಕಾದ ಮಾತಲ್ಲ ಅದು.

ಬಳಿಕ ಮಿನಿಕಾಯ್‌ನವನು ತನ್ನ ದ್ವೀಪದ ಲಾವಾ ನೃತ್ಯದ ಕೆಲವು ಹೆಜ್ಜೆಗಳನ್ನು ತೋರಿಸಿದ. ಬಣ್ಣದ ಉಡುಪು, ತಲೆಯ ಅಲಂಕಾರ, ಡೋಲಿನ ಸದ್ದಿನೊಡನೆ ಗುಂಪಾಗಿ ಗಂಡಸರು ಕುಣಿಯುವ ಕುಣಿತವದು. ಒಬ್ಬನೇ ಕುಣಿದರೆ ಅದರ ಸೊಗಸು ಹೇಗೆ ಬಂದೀತು ಎಂದು ಅವನೇ ನಾಚಿಕೊಂಡ. ಕೊನೆಯಲ್ಲಿ ಕೋಲ್ಕಳಿ. ಇದಕ್ಕಾಗಿ ಹುಡುಗರು ಎರಡು ವಾರ ಸಂಜೆ ಬಂದು ನಮ್ಮ ಬಡಾವಣೆಯ ಆರು ಮಕ್ಕಳಿಗೆ ಅಭ್ಯಾಸ ಮಾಡಿಸಿದ್ದರು. ವೃತ್ತಾಕಾರವಾಗಿ ನಿಂತು, ಎರಡು ಕೈಗಳಲ್ಲಿ ಗಿಡ್ಡ ಕೋಲು ಹಿಡಿದು, ಹಾಡಿನ ಲಯಕ್ಕೆ ಒಬ್ಬರ ಕೋಲಿಗೆ ಒಬ್ಬರು ತಾಗಿಸುತ್ತ ಸುತ್ತುವುದು. ಮೊದಲು ನಿಧಾನ, ಬರಬರುತ್ತ ವೇಗ. ಎರಡನೆಯ ಸುತ್ತಿಗೇ ಮುಂದಿನ ಸಾಲಿನಲ್ಲಿ ಕುಳಿತಿದ್ದ ಎಂಬತ್ತರ ಅಜ್ಜಿಯೊಬ್ಬರು, "ಅಯ್ಯೋ, ಇದು ನಮ್ಮ ಕೋಲಾಟ ಕಣ್ರೋ!" ಎಂದು ಕೈತಟ್ಟಿದರು. ಹಾಡಿನ ಭಾಷೆ ಅವರಿಗೆ ತಿಳಿಯದು. ಆದರೆ ಕೋಲಿಗೆ ಕೋಲು ತಾಗುವ ಸದ್ದಿಗೆ ಅನುವಾದ ಬೇಕೇ?

ಹೊರಡುವ ಮೊದಲು ಎಲ್ಲರಿಗೂ ತೆಂಗಿನಕಾಯಿ ಬೆಲ್ಲದ ಉಂಡೆ ಹಂಚಿದರು. ಮನೆಯ ಯಜಮಾನಿ ಕರಾವಳಿಯವರು. ಅವರು ದೇವರಾಜ ಮಾರುಕಟ್ಟೆಯಲ್ಲೆಲ್ಲ ಹುಡುಕಿ ತಂದ ಜೀಗುಜ್ಜೆಯ ಪೋಡಿ ಕರಿದಿದ್ದರು. ಅಮಿನಿಯ ಹುಡುಗ ಒಂದು ತುಂಡು ಬಾಯಿಗಿಟ್ಟು ಬೆರಗಾದ. ಅದು ಅವನ ಮನೆಯಂಗಳದ ಮರ, ಲಕ್ಷದ್ವೀಪದ ಅಧಿಕೃತ ಮರವೂ ಅದೇ. ನಮ್ಮ ನಿಘಂಟುಗಳಲ್ಲಿ ಅದಕ್ಕೆ ದೀವಿಹಲಸು ಎಂದು ಹೆಸರು. ದೀವಿ ಎಂದರೆ ದ್ವೀಪ. ಅಮಿನ್‌ದಿವಿಯ ದಿವಿ, ಮಾಲ್ದೀವಿನ ದೀವ್, ನಮ್ಮ ದೀವಿಹಲಸಿನ ದೀವಿ ಎಲ್ಲ ಒಂದೇ ಬಳಗದ ಮಾತುಗಳು. ನಾವು ಮರೆತದ್ದನ್ನು ನಮ್ಮ ನಾಲಗೆ ಮರೆತಿರಲಿಲ್ಲ.

ಕೊನೆಯಲ್ಲಿ ಹೇಳುತ್ತೇನೆಂದ ಆ ತರಗತಿಯ ಮಾತು. ಒಂಬತ್ತನೆಯ ತರಗತಿ. ಮಂಗಳೂರಿನಿಂದ ತಂದೆಗೆ ವರ್ಗವಾಗಿ ಬಂದಿದ್ದ ಒಬ್ಬ ಹುಡುಗಿ, ನಾನು ಲಕ್ಷದ್ವೀಪದ ಒಂದು ಸಾಲಿನ ಪಾಠ ಮುಗಿಸಿದಾಗ ಎದ್ದುನಿಂತು, "ಸರ್, ಅಮಿನಿ ದ್ವೀಪ ಮೊದಲು ನಮ್ಮ ಜಿಲ್ಲೆಯದ್ದಂತೆ, ಹೌದಾ? ನಮ್ಮಜ್ಜ ಬಂದರಿನಲ್ಲಿ ಕೆಲಸ ಮಾಡ್ತಿದ್ದರು, ಅವರು ಹೇಳ್ತಾರೆ" ಎಂದಳು. ನಾನು ಹೇಳಿದ್ದೇನು ಗೊತ್ತೇ? "ಅಜ್ಜಂದಿರು ಕಥೆ ಹೇಳುತ್ತಾರಮ್ಮ. ನಾವು ಪಠ್ಯಪುಸ್ತಕ ಓದೋಣ. ಕುಳಿತುಕೊ." ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಆ ಹುಡುಗಿ ಕುಳಿತಳು. ಆ ವರ್ಷ ಮತ್ತೆ ಅವಳು ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಅಜ್ಜ ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಅವರ ಕಣ್ಣೆದುರಿಗೇ ದ್ವೀಪದ ದೋಣಿಗಳು ಹುರಿ ಇಳಿಸಿ ಅಕ್ಕಿ ತುಂಬಿಕೊಂಡು ಹೋಗಿದ್ದಿರಬೇಕು. ಇಂದಿಗೂ ಮಂಗಳೂರಿನ ಹಳೆಯ ಬಂದರಿನಿಂದ ಮಳೆಗಾಲ ಕಳೆದ ಮೇಲೆ ಮಂಜಿಗಳು ತರಕಾರಿ, ದಿನಸಿ, ಮನೆ ಕಟ್ಟುವ ಸಾಮಾನು ಹೊತ್ತು ಲಕ್ಷದ್ವೀಪಕ್ಕೆ ಹೋಗುತ್ತವೆ. ಕಾಯಿದೆ ಕಡಿದ ಸಂಬಂಧವನ್ನು ಈರುಳ್ಳಿ ಟೊಮೆಟೊ ಉಳಿಸಿಕೊಂಡಿವೆ. ಪುಸ್ತಕದಲ್ಲಿಲ್ಲದ್ದು ಸುಳ್ಳು ಎಂದು ನಂಬಿದ್ದ ಮೇಷ್ಟರಿಗಿಂತ ಬಂದರಿನಲ್ಲಿ ದುಡಿದ ಆ ಅಜ್ಜನಿಗೆ ಹೆಚ್ಚು ಚರಿತ್ರೆ ತಿಳಿದಿತ್ತು.

ಆ ಸಂಜೆ ನನಗೆ ಕೊಟ್ಟ ಹದಿನೈದು ನಿಮಿಷದಲ್ಲಿ ಈ ತಪ್ಪನ್ನೂ ಹೇಳಿಕೊಂಡೆ. ಸಭೆ ಮುಗಿದ ಮೇಲೆ ಅಮಿನಿಯ ಹುಡುಗ ಗೋಡೆಯ ನಕ್ಷೆಯ ಬಳಿ ಬಂದು, ಪೆನ್ಸಿಲಿನಿಂದ ಮಂಗಳೂರಿಗೂ ತನ್ನ ಊರಿಗೂ ಸಣ್ಣದೊಂದು ಗೆರೆ ಎಳೆದ. ನಕ್ಷೆಯ ಮೇಲೆ ಅದು ನನ್ನ ಕಿರುಬೆರಳಿನಷ್ಟೂ ಉದ್ದವಿರಲಿಲ್ಲ.

ಆ ಹುಡುಗಿ ಈಗೆಲ್ಲಿದ್ದಾಳೋ ತಿಳಿಯದು. ಅವಳಿಗೂ ಈಗ ಪ್ರಶ್ನೆ ಕೇಳುವ ಮಕ್ಕಳಿರಬಹುದು. ಇದನ್ನು ಓದುವ ಯಾರಿಗಾದರೂ ಅವಳ ಪರಿಚಯವಿದ್ದರೆ ದಯವಿಟ್ಟು ತಿಳಿಸಿ: ನಿನ್ನ ಅಜ್ಜ ಹೇಳಿದ್ದು ಸರಿ, ಮೇಷ್ಟ್ರು ಹೇಳಿದ್ದು ತಪ್ಪು, ಅವರು ಕ್ಷಮೆ ಕೇಳಿದ್ದಾರೆ ಎಂದು. ನಿಮ್ಮಲ್ಲಿ ಅನೇಕರು ಈಗ ಮೇಷ್ಟ್ರುಗಳಾಗಿದ್ದೀರಿ, ತಂದೆತಾಯಿಗಳಾಗಿದ್ದೀರಿ. ಮಗು "ನಮ್ಮಜ್ಜ ಹೇಳ್ತಾರೆ" ಎಂದು ಎದ್ದುನಿಂತರೆ, ಕುಳಿತುಕೊ ಎನ್ನುವ ಮೊದಲು ಒಂದು ನಿಮಿಷ ಕೇಳಿಸಿಕೊಳ್ಳಿ. ಮುಂದಿನ ರಾಜ್ಯೋತ್ಸವದ ದಿನ ಬಾವುಟ ಹಾರಿಸಿದ ಮೇಲೆ ಮಕ್ಕಳಿಗೆ ನಕ್ಷೆಯ ಪಶ್ಚಿಮದ ಅಂಚಿನ ಆ ಐದು ಚುಕ್ಕೆಗಳನ್ನೂ ಬೆರಳಿಟ್ಟು ತೋರಿಸಿ. ಅಂದು ಅವರಿಗೂ ಹುಟ್ಟುಹಬ್ಬ.

ಎಲ್ಲರಿಗೂ ಒಳ್ಳೆಯದಾಗಲಿ.